ನೀರಿಂದ ಎದ್ದು ಬರುವ ಹೆಂಗಸು: ನಾನು ಕಾಮಿಕ್ಸ್ ಮಾಡಿದ ಕಥೆ

ಹಾಸನದಲ್ಲಿ ಕೂತು 32 ಪುಟದ ಒಂದು ದೆವ್ವದ ಪ್ರೇಮಕಥೆಯನ್ನು ಕಾಮಿಕ್ಸ್ ಮಾಡೋಕೆ ನನಗೆ 14 ತಿಂಗಳು ಹಿಡಿಯಿತು. ಅದರಲ್ಲಿ 8 ತಿಂಗಳು ಬೇರೆಯವರು ಆಗಲೇ ಹೇಳಿದಂಥ ಕಥೆಯನ್ನೇ ಮತ್ತೆ ಬರೆಯುವುದರಲ್ಲಿ ಹೋಯಿತು.

ಚಿಕ್ಕವನಿದ್ದಾಗ ಮಾವನ ಟ್ರಂಕಿನಲ್ಲಿ ಇಂದ್ರಜಾಲ ಕಾಮಿಕ್ಸ್ ಇದ್ದವು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಪುಸ್ತಕಗಳು. ಅಂಚು ಕಂದಾಗಿತ್ತು, ಮುಟ್ಟಿದರೆ ಪುಡಿ ಉದುರುತ್ತಿತ್ತು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದ ಗುಣವೇ ಅದು. ಅಮೆರಿಕದಲ್ಲಿ ಅಂಥ ಕಾಗದದ ಮೇಲೆ ಅಚ್ಚಾಗುತ್ತಿದ್ದ ಸಾಹಸ ಕಥೆಗಳಿಗೆ ಪಲ್ಪ್ ಅನ್ನೋ ಹೆಸರು ಬಂದದ್ದೂ ಹಾಗೇ. ಈ ಕಥೆಗಳು ಓದುಗನನ್ನು ಕಾಯಿಸೋದಿಲ್ಲ. ಮೂರನೇ ಪುಟಕ್ಕೇ ಯಾರೋ ಹಗ್ಗ ಹಿಡಿದು ಪ್ರಪಾತದ ಮೇಲೆ ಜೋತಾಡುತ್ತಿರುತ್ತಾರೆ, ಕೆಳಗೆ ಮೊಸಳೆ, ಮೇಲೆ ಹಗ್ಗ ಕೊಯ್ಯುವ ಕೈ. ಆ ಧೈರ್ಯ ನನಗೆ ಇವತ್ತಿಗೂ ಇಷ್ಟ.

ಗೋಥಿಕ್ ಪ್ರೇಮಕಥೆಗಳು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮುಚ್ಚಿದ ಒಂದು ಕೋಣೆ ಮೊದಲೇ ಕಾಣುತ್ತದೆ, ಬಾಗಿಲು ತೆಗೆಯೋದು ಮಾತ್ರ ಕೊನೆಗೆ. ಅಲ್ಲಿವರೆಗೆ ಹುಡುಗಿ, ಗುಟ್ಟು ಬಚ್ಚಿಟ್ಟ ಗಂಡಸು, ಇಬ್ಬರನ್ನೂ ನೋಡುತ್ತಾ ನಿಂತ ಹಳೇ ಮನೆ. ಒಂದು ಓಡಿಸುತ್ತದೆ, ಇನ್ನೊಂದು ಕೈ ಹಿಡಿದು ನಿಲ್ಲಿಸುತ್ತದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ತರಬೇಕು ಅನ್ನೋದು ನನ್ನ ಆಸೆ.

ಜಾಗ ಹುಡುಕುವ ಕಷ್ಟ ಇರಲಿಲ್ಲ. ಶೆಟ್ಟಿಹಳ್ಳಿ ಚರ್ಚ್ ಇದೆಯಲ್ವಾ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆ ಜೋರಾದ ವರ್ಷ ಗೋಡೆಗಳ ಮೇಲ್ಭಾಗ ಮಾತ್ರ ಕಾಣುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಚೂಪು ಕಮಾನು, ಸೂರಿಲ್ಲದ ಗೋಡೆ, ಒಳಗೆ ಆಕಾಶ. ಗೋಥಿಕ್ ಕಥೆಗೆ ಆ ಹೆಸರು ಬಂದದ್ದೇ ಇಂಥ ಕಟ್ಟಡಗಳಿಂದ.

ಮೊದಲ ಕಥೆಯಲ್ಲಿ ಒಬ್ಬ ಸರ್ವೇಯರ್ ಹುಡುಗ ದೋಣಿಯಲ್ಲಿ ಅಲ್ಲಿಗೆ ಹೋಗುತ್ತಾನೆ, ಬಿಳಿ ಸೀರೆಯ ಹೆಂಗಸು ಸಿಗುತ್ತಾಳೆ, ಅವಳು ಸತ್ತ ಪ್ರಿಯಕರನಿಗಾಗಿ ಕಾಯುತ್ತಿರುತ್ತಾಳೆ. ಪೆನ್ಸಿಲ್ ಚಿತ್ರ ಎಲ್ಲ ಮುಗಿಸಿ ದೊಡ್ಡಮ್ಮನಿಗೆ ತೋರಿಸಿದೆ. ಅವಳ ತವರು ಅದೇ ಹಿನ್ನೀರಿನಲ್ಲಿ ಮುಳುಗಿದ ಊರು. ಪುಟ ತಿರುಗಿಸುತ್ತಾ ಹೋದಳು, ಏನೂ ಹೇಳಲಿಲ್ಲ. ಕೊನೆಗೆ, "ಇವಳು ಯಾವನೋ ಗಂಡಸಿಗೆ ಯಾಕೋ ಕಾಯ್ತಾಳೆ? ನೀರು ಇಳಿದಾಗ ಮನೆ ನೋಡ್ಕೊಂಡ್ ಹೋಗಕ್ಕೆ ಬರ್ತಾಳೆ ಕಣೋ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೇ ಗೋಥಿಕ್ ಕಥೆಗಳನ್ನು ಇವತ್ತಿನವರು ಹೊಸದಾಗಿ ಹೇಳುವಾಗ ಮಾಡುವುದೂ ಇದನ್ನೇ. ಅಟ್ಟದ ಮೇಲೆ ಕೂಡಿಹಾಕಿದ ಹೆಂಗಸಿನ ಹತ್ತಿರ ಹೋಗಿ ನಿನಗೇನು ಬೇಕು ಅಂತ ಕೇಳುತ್ತಾರೆ. ನಾನು ನನ್ನ ಬಿಳಿ ಸೀರೆಯವಳನ್ನು ಕೇಳಿಯೇ ಇರಲಿಲ್ಲ. ಪ್ರೀತಿ ಈಗಲೂ ಕಥೆಯಲ್ಲಿದೆ, ಆದರೆ ಆ ಹುಡುಗ ಮೊದಲು ಅವಳ ಮನೆ ಎಲ್ಲಿತ್ತು ಅಂತ ಪತ್ತೆ ಮಾಡಬೇಕು, ಅದೂ ಮಳೆಗಾಲದ ನೀರು ಏರುವುದರೊಳಗೆ. ಹಾಗಾಗಿ ಸಾಹಸದ ಓಟ ತಾನಾಗೇ ಬಂತು.

ಕೆಲಸದ ಮಾತು ಹೇಳುತ್ತೇನೆ. ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕೆ ಬರುತ್ತದೆ, ಬೆಚ್ಚಿಬೀಳಿಸುವ ಚಿತ್ರ ಅದನ್ನು ತಿರುವಿದ ಮೇಲೆ ಸಮ ಪುಟದಲ್ಲಿ ಸಿಗಬೇಕು. ಇದು ಕಾಮಿಕ್ಸ್ ಮಾಡೋರಿಗೆಲ್ಲ ಗೊತ್ತು. ಆದರೆ ಕನ್ನಡದಲ್ಲಿ ನಮಗೆ ಇನ್ನೊಂದು ಅನುಕೂಲ ಇದೆ, ಕ್ರಿಯಾಪದ ಕೊನೆಗೆ ಬರುತ್ತದೆ. 17ನೇ ಪುಟದ ಕೊನೇ ಚೌಕದಲ್ಲಿ "ಕೆಸರಿನಲ್ಲಿ ಅವಳ ಹೆಜ್ಜೆ ಗುರುತು" ಅಂತಷ್ಟೇ ಬರೆದೆ. ತಿರುವಿದರೆ ಖಾಲಿ ಕೆಸರು, ಮೂಲೆಯಲ್ಲಿ "ಇರಲಿಲ್ಲ". ಸದ್ದಿನ ಪದಗಳಿಗಂತೂ ನಮ್ಮಲ್ಲಿ ಬರವೇ ಇಲ್ಲ. ಧಡಾರ್, ಸರಸರ, ಗುಳುಗುಳು, ಜಿಟಿಜಿಟಿ.

ತೊಂದರೆ ಆದದ್ದು ಮಾತಿನ ಗುಳ್ಳೆಗಳಲ್ಲಿ. ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತ ಅಳತೆಯಲ್ಲಿ ಬರೆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಮೊದಲು ಅಕ್ಷರ ಬರೆದು, ಆಮೇಲೆ ಗುಳ್ಳೆ, ಕೊನೆಗೆ ಚಿತ್ರ ಅನ್ನೋ ಕ್ರಮಕ್ಕೆ ಬಂದೆ. ಒಂದು ಗುಳ್ಳೆಗೆ 12 ಪದಕ್ಕಿಂತ ಜಾಸ್ತಿ ಬೇಡ.

ಜುಲೈನಲ್ಲಿ ಇಂಡಿಯನ್ ಇಂಕ್ ಒಣಗದೆ ಒಂದಿಡೀ ವಾರದ ಕೆಲಸ ಕಲೆಯಾಯಿತು. ಆಮೇಲೆ ಮಳೆಗಾಲದಲ್ಲಿ ಬರೀ ಪೆನ್ಸಿಲ್ ಕೆಲಸ, ಇಂಕ್ ಡಿಸೆಂಬರ್ ಮೇಲೆ. ಜೆರಾಕ್ಸ್‌ನಲ್ಲಿ ದೊಡ್ಡ ಕಪ್ಪು ಜಾಗ ಪಟ್ಟೆಪಟ್ಟೆ ಬೂದಿ ಬಣ್ಣಕ್ಕೆ ತಿರುಗಿತು, ಅದಕ್ಕೆ ಎಲ್ಲ ರಾತ್ರಿಗಳನ್ನೂ ಒತ್ತೊತ್ತಾದ ಗೆರೆಗಳಲ್ಲಿ ಮತ್ತೆ ಬರೆದೆ. ನಿಜ ಹೇಳಬೇಕಂದ್ರೆ ಗೆರೆಯ ಕತ್ತಲೆಯೇ ಚೆನ್ನ, ಅದರೊಳಗೆ ನೀರು ಅಲುಗಾಡಿದಂತೆ ಕಾಣುತ್ತದೆ. 8 ಎ4 ಹಾಳೆ ಎರಡೂ ಕಡೆ ಅಚ್ಚು ಹಾಕಿಸಿ ಮಡಚಿದರೆ 32 ಪುಟ, ನಡುವೆ ಎರಡು ಪಿನ್ನು, ಅಷ್ಟೇ.

ಮುಖಪುಟ ಮಾತ್ರ ಬೇಕಂತಲೇ ಬದಲಿಸಿದೆ. 1960ರ ದಶಕದ ಅಮೆರಿಕದ ಗೋಥಿಕ್ ಪುಸ್ತಕಗಳಲ್ಲಿ ಒಂದೇ ಕಿಟಕಿಗೆ ದೀಪ ಇರುವ ಮನೆಯಿಂದ ಹುಡುಗಿ ಹೆದರಿ ಓಡುತ್ತಿರುತ್ತಾಳೆ. ನನ್ನವಳು ನಮಗೆ ಬೆನ್ನು ತೋರಿಸಿ, ಸೀರೆ ನೆರಿಗೆ ಎತ್ತಿ ಹಿಡಿದು, ನೀರಿನ ಕಡೆಗೆ ನಡೆಯುತ್ತಿದ್ದಾಳೆ. ಎಲ್ಲೂ ದೀಪ ಇಲ್ಲ.

ಅಚ್ಚಿಗೆ ಕೊಡುವ ಮುಂಚೆ, ಏಪ್ರಿಲ್‌ನಲ್ಲಿ, ದೊಡ್ಡಮ್ಮನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅವಳು ಚರ್ಚನ್ನು ಹೆಚ್ಚು ನೋಡಲಿಲ್ಲ. ಬಿರುಕು ಬಿಟ್ಟ ನೆಲದ ಮೇಲೆ ನಿಂತು, ಇನ್ನೂ ನೀರಿದ್ದ ಕಡೆ ಕೈ ತೋರಿಸಿ, ನಮ್ಮ ಹಿತ್ತಲಲ್ಲಿ ಎರಡು ಹಲಸಿನ ಮರ ಇದ್ವು ಅಂದಳು. ಮನೆಗೆ ಬಂದು 31ನೇ ಪುಟ ಹರಿದು ಹಾಕಿ ಆ ಎರಡು ಮರ ಬರೆದೆ.