ಆಯೋಗದ ವರದಿ ಓದೋದು ಹ್ಯಾಂಗ: ಕಾಂಗೋ ಉದಾಹರಣೆ, ನಮ್ಮ ಕಲಬುರಗಿ ಪಾಠ

ವಿಚಾರಣಾ ಆಯೋಗದ ವರದಿ ಸಿಕ್ಕ ಕೂಡ್ಲೇ ನಮ್ಮ ಕಡಿ ಎಂಎ ಹುಡುಗ್ರು ಕೊನೀ ಪುಟಕ್ಕ ಹೋಗಿ ತೀರ್ಮಾನ ನೋಡ್ತಾರ. ಹಂಗ ಮಾಡಬ್ಯಾಡ್ರಿ. ಸಾಹೇಬ್ರು ಬರ್ತಾರಂದ್ರ ಗ್ವಾಡಿಗಿ ಸುಣ್ಣಾ ಹಚ್ಚಿ, ಯಾರು ಮಾತಾಡಬೇಕು ಯಾರು ಸುಮ್ನಿರಬೇಕು ಅಂತ ಮೊದಲೇ ಹೇಳಿಟ್ಟಿರೋದು ನಾವೆಲ್ಲಾ ನೋಡೀವಿ, ಅದೇ ಕಣ್ಣಿಲೆ ವರದಿನೂ ಓದ್ರಿ.

ಮೊದಲು, ಆಯೋಗ ನೇಮಿಸಿದವ್ರು ಯಾರು? 1904ರಾಗ ಬ್ರಿಟಿಷ್ ಕಾನ್ಸುಲ್ ಕೇಸ್‌ಮೆಂಟ್ ಬರೆದ ವರದಿ ಬಂದು, ಆಫ್ರಿಕಾದ ಕಾಂಗೋದಾಗ ರಬ್ಬರ್ ತರಿಸ್ಲಿಕ್ಕೆ ಜನರ ಮ್ಯಾಲೆ ಮಾಡಿದ ದೌರ್ಜನ್ಯದ ಬಗ್ಗೆ ಗಲಾಟೆ ಆದಾಗ, ಆ ಕಾಂಗೋನ್ನ ತನ್ನ ಸ್ವಂತ ಆಸ್ತಿಯಂಗ ಆಳ್ತಿದ್ದ ಬೆಲ್ಜಿಯಂ ರಾಜಾ ಲಿಯೋಪೋಲ್ಡನೇ ಮೂರು ಮಂದಿ ಆಯೋಗ ಮಾಡ್ದ, ಒಬ್ಬ ಬೆಲ್ಜಿಯಂದವ, ಒಬ್ಬ ಇಟಲಿಯವ, ಒಬ್ಬ ಸ್ವಿಟ್ಜರ್ಲೆಂಡಿನವ. ನೋಡ್ಲಿಕ್ಕೆ ಅಂತರರಾಷ್ಟ್ರೀಯನೇ, ಆದ್ರ ಇಟಲಿಯವ ಕಾಂಗೋ ಕೋರ್ಟಿನಾಗೇ ಜಡ್ಜ್ ಇದ್ದವ.

ಅಷ್ಟಕ್ಕೇ ವರದಿ ಸುಳ್ಳು ಅಂತ ಬಿಸಾಡಬ್ಯಾಡ್ರಿ, ಇದು ಭಾಳ ಮುಖ್ಯ. ತಯಾರಿ ಎಷ್ಟೇ ಮಾಡಿದ್ರೂ ಯಾರೋ ಒಬ್ಬ ಬಂದು ನಿಂತೇ ನಿಲ್ತಾನ. ಲೊಂಟುಲು ಅನ್ನೋ ಮುಖಂಡ 110 ಕಡ್ಡಿ ತಂದು ಆಯೋಗದ ಮುಂದಿಟ್ಟ, ಸತ್ತವ್ರಿಗೆ ತಲಿಗೊಂದು. ಮುಖಂಡ್ರು, ಗಂಡಸ್ರು, ಹೆಂಗಸ್ರು, ಮಕ್ಳು ಅಂತ ನಾಲ್ಕು ಗುಂಪು ಮಾಡಿ ಒಂದೊಂದು ಕಡ್ಡಿಗೂ ಹೆಸರು ಹೇಳ್ದ. ಇದನ್ನ ಓದಿದ ದಿನ ನನಗ ಊಟ ಸೇರ್ಲಿಲ್ಲ.

ಮುಂದಿಂದು, ಸಾರಾಂಶ ನಂಬಬ್ಯಾಡ್ರಿ. 1905ರ ನವೆಂಬರ್‌ನಾಗ ವರದಿ ರಾಜನ ವಿರುದ್ಧನೇ ಬಂತು. ಆದ್ರ ಅದಕ್ಕಿಂತ ಒಂದಿನ ಮೊದಲೇ ಅವನ ಕಡಿಯವ್ರು ಬಣ್ಣ ಹಚ್ಚಿದ ಸಾರಾಂಶ ಇಂಗ್ಲಿಷ್ ಪೇಪರಿಗೆ ಮುಟ್ಟಿಸಿದ್ರು. ಸಾಕ್ಷಿ ಹೇಳಿಕೆಗಳನ್ನಂತೂ ಆಗ ಅಚ್ಚು ಹಾಕ್ಲೇ ಇಲ್ಲ, ದಶಕಗಟ್ಟಲೆ ದಫ್ತರದಾಗೇ ಬಿದ್ದಿದ್ವು. ಅದಕ್ಕ ಸಾರಾಂಶ, ವರದಿ, ಸಾಕ್ಷಿ ಮೂರನ್ನೂ ಬಾಜೂಕ ಇಟ್ಕೊಂಡು ಏನು ಬಿಟ್ಟುಹೋಗ್ಯದ ಅಂತ ಗುರ್ತು ಹಾಕ್ರಿ.

ಆಮ್ಯಾಲೆ ದಾರಿ ನೋಡ್ರಿ, ಎಲ್ಲೆಲ್ಲಿ ಹೋದ್ರು, ಎಲ್ಲಿ ಹೋಗ್ಲಿಲ್ಲ, ನಕ್ಷಾದ ಮ್ಯಾಲೆ ಗೆರಿ ಎಳೀರಿ. ನಮ್ಮ ಹೈದರಾಬಾದ್ ಸಂಸ್ಥಾನದಾಗ 1948ರ ಪೊಲೀಸ್ ಆಕ್ಷನ್ (ಭಾರತದ ಸೈನ್ಯ ಬಂದು ಸಂಸ್ಥಾನ ವಶಕ್ಕ ತಗೊಂಡಿದ್ದು) ಆದ್ಮ್ಯಾಲೆ, ಆಗಿನ ಹಿಂಸೆ ವಿಚಾರಿಸ್ಲಿಕ್ಕೆ ಬಂದ ಪಂಡಿತ್ ಸುಂದರಲಾಲ್ ಕಮಿಟಿ 16 ಜಿಲ್ಲಾದಾಗ 9 ತಿರುಗ್ಯದ, ತಾವು ಹೋಗದ 109 ಹಳ್ಳಿಯ 500ಕ್ಕೂ ಹೆಚ್ಚು ಮಂದಿ ಮಾತೂ ಕೇಳ್ಯಾದ. ಗುಲ್ಬರ್ಗಾ, ಬೀದರ್ ಹೆಚ್ಚು ಪೆಟ್ಟು ತಿಂದ ಜಿಲ್ಲಾಗಳು ಅಂತ ಅದರಾಗ ಅದ. ಇದನ್ನೂ ಸರ್ಕಾರನೇ ಕಳಿಸಿದ್ದು, ಹಂಗಾಗಿ ಮೊದಲ್ನೇ ಪ್ರಶ್ನೆ ಇದಕ್ಕೂ ಕೇಳ್ರಿ.

ಕೊನೀಗಿ ನಿಮ್ಮೂರಿನ ಹಿರಿಯರ ಹತ್ರ ಕೂಡ್ರಿ. ಕಟ್ಟಿ ಮ್ಯಾಲೆ ಹತ್ತು ಮಂದಿ ಮುಂದ ಕೇಳಬ್ಯಾಡ್ರಿ, ಒಳಗ ಒಬ್ಬರನ್ನೇ ಕೂಡಿಸಿ ಕೇಳ್ರಿ. ಆ ದಿನಗಳಿಗೆ ಊರಿನ ಅಮ್ಮ "ಗದ್ದಲ" ಅಂದ್ರ "ಗದ್ದಲ" ಅಂತನೇ ಬರೀರಿ, "ಅಹಿತಕರ ಘಟನೆ" ಅಂತ ತಿದ್ದಬ್ಯಾಡ್ರಿ.