ಸಾಂಬ್ರಾದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣ: ದೂರದ ಲೆಕ್ಕ ಹೀಗೆ ಹಾಕಿ

ಬೆಳಗಾವಿಯಿಂದ ಹುಬ್ಬಳ್ಳಿ ಎಷ್ಟು ದೂರ ಅಂತ ಯಾರನ್ನೇ ಕೇಳಿ, ‘ನೂರು ಕಿಲೋಮೀಟರ್’ ಅಂತಾರೆ. ಅದು ಊರಿಂದ ಊರಿನ ಲೆಕ್ಕ. ವಿಮಾನ ಹಿಡಿಯುವವರಿಗೆ ಬೇಕಾದದ್ದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಗೇಟಿನಿಂದ ಹುಬ್ಬಳ್ಳಿ ಗೋಕುಲ ರಸ್ತೆಯ ನಿಲ್ದಾಣದ ಗೇಟಿನವರೆಗಿನ ಲೆಕ್ಕ.

ಮೊದಲು ನೇರ ಗೆರೆಯ ದೂರ. ಸಾಂಬ್ರಾ ಇರುವುದು ಸುಮಾರು 15 ಡಿಗ್ರಿ 52 ನಿಮಿಷ ಉತ್ತರ, 74 ಡಿಗ್ರಿ 37 ನಿಮಿಷ ಪೂರ್ವದಲ್ಲಿ. ಹುಬ್ಬಳ್ಳಿ ನಿಲ್ದಾಣ 15 ಡಿಗ್ರಿ 22 ನಿಮಿಷ, 75 ಡಿಗ್ರಿ 5 ನಿಮಿಷದಲ್ಲಿ. ಅಕ್ಷಾಂಶದ ವ್ಯತ್ಯಾಸ 30 ನಿಮಿಷ. ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ (1.852 ಕಿ.ಮೀ.), ಹಾಗಾಗಿ 30 ಮೈಲಿ. ರೇಖಾಂಶದ ವ್ಯತ್ಯಾಸ 28 ನಿಮಿಷ. ಕಳೆಯುವಾಗ ಒಂದು ಡಿಗ್ರಿ ಕಡ ತಂದರೆ ಬರುವುದು 60 ನಿಮಿಷ, 100 ಅಲ್ಲ. ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ನಮ್ಮ ಭಾಗದಲ್ಲಿ ಅದನ್ನು 0.963ರಿಂದ ಗುಣಿಸಬೇಕು: 27 ಮೈಲಿ. 30ರ ವರ್ಗ 900ಕ್ಕೆ 27ರ ವರ್ಗ 729 ಕೂಡಿಸಿ ವರ್ಗಮೂಲ ತೆಗೆದರೆ 40.4. ಅದನ್ನು 1.852ರಿಂದ ಗುಣಿಸಿ: ಸುಮಾರು 75 ಕಿ.ಮೀ.

ಇಲ್ಲಿ ಒಂದು ಮೋಸ ಇದೆ. 15 ಡಿಗ್ರಿ 52 ನಿಮಿಷವನ್ನು ಕ್ಯಾಲ್ಕುಲೇಟರಿಗೆ 15.52 ಅಂತ ಒತ್ತಿಬಿಡುತ್ತಾರೆ. ಸರಿಯಾದದ್ದು 15.87 (52 ಭಾಗಿಸು 60). ನಾಲ್ಕೂ ಅಂಕಿಗಳಲ್ಲಿ ಹಾಗೆ ತಪ್ಪಿದರೆ ಉತ್ತರ 80 ಕಿ.ಮೀ. ಬರುತ್ತದೆ. ನೋಡಲು ಸರಿಯೇ ಅನ್ನಿಸುವುದರಿಂದ ತಪ್ಪು ಸಿಕ್ಕಿಬೀಳುವುದೇ ಇಲ್ಲ, ದಿಕ್ಕು ಮಾತ್ರ ಕೆಟ್ಟಿರುತ್ತದೆ.

ರಸ್ತೆಯಲ್ಲಿ ಇದೇ ದೂರ ಸುಮಾರು 105 ಕಿ.ಮೀ. ಇಷ್ಟು ಹೆಚ್ಚಲು ಕಾರಣ ಶುರುವಿನಲ್ಲೇ ಇದೆ: ಸಾಂಬ್ರಾ ಇರುವುದು ಬಾಗಲಕೋಟೆ ರಸ್ತೆಯಲ್ಲಿ, ಊರಿನ ಪೂರ್ವಕ್ಕೆ. ಹುಬ್ಬಳ್ಳಿ ಆಗ್ನೇಯಕ್ಕಿದ್ದರೂ ಗಾಡಿ ಮೊದಲು ಹತ್ತು ಕಿ.ಮೀ. ಪಶ್ಚಿಮಕ್ಕೆ, ಬೆಳಗಾವಿಗೇ ಬರಬೇಕು. ಆಮೇಲೆ ರಾಷ್ಟ್ರೀಯ ಹೆದ್ದಾರಿ 48: ಹಿರೇಬಾಗೇವಾಡಿ ಟೋಲ್, ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಧಾರವಾಡ, ಬೈಪಾಸ್, ಗೋಕುಲ ರಸ್ತೆ.

ಮೊಬೈಲ್ ಮ್ಯಾಪಿನಲ್ಲಿ ಬರೀ ‘ಹುಬ್ಬಳ್ಳಿ’ ಅಂತ ಹಾಕಬೇಡಿ, ದಾರಿಯಲ್ಲಿರುವ ಎಂ.ಕೆ. ಹುಬ್ಬಳ್ಳಿಯೂ ಆ ಹೆಸರಿನದೇ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯೂ ಇದೆ. ಪಿನ್ ಇಡುವಾಗ ಪ್ರಯಾಣಿಕರ ಟರ್ಮಿನಲ್ ಎಂದೇ ನೋಡಿಕೊಳ್ಳಿ. ಟ್ಯಾಕ್ಸಿಯಾದರೆ ಹೋಗಿಬರುವ 210 ಕಿ.ಮೀ.ಗೆ ಗಾಡಿ ಮನೆಯಿಂದ ಹೊರಟು ಮನೆ ಸೇರುವ ದೂರವೂ ಬಿಲ್ಲಿಗೆ ಸೇರುತ್ತದೆಯೇ ಎಂದು ಮೊದಲೇ ಕೇಳಿ.

ಟಿಕೆಟ್ ಸೈಟಿನಲ್ಲಿ ಬೆಂಗಳೂರು ಮೇಲಿನ ದಾರಿ ಕಂಡರೆ ಮರುಳಾಗಬೇಡಿ. ಸಾಂಬ್ರಾದಿಂದ ಬೆಂಗಳೂರು ಸುಮಾರು 445, ಅಲ್ಲಿಂದ ಹುಬ್ಬಳ್ಳಿ 370, 75 ಕಿ.ಮೀ. ದಾಟಲು 815 ಕಿ.ಮೀ. ಹಾರಾಟ!

ಸಮಯದ ಲೆಕ್ಕ ಹಿಂದಿನಿಂದ ಹಾಕಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಅದಕ್ಕೆ ಅರ್ಧ ಗಂಟೆ ಮೊದಲು ಮುಟ್ಟಬೇಕು. ರಸ್ತೆಗೆ ಎರಡೂವರೆ ಗಂಟೆ ಇಡಿ. ಅಂದರೆ ಸಂಜೆ 5ರ ವಿಮಾನಕ್ಕೆ ಮಧ್ಯಾಹ್ನ 1ಕ್ಕೆ ಸಾಂಬ್ರಾ ಬಿಡಬೇಕು. ಕಬ್ಬು ಕಡಿಯುವ ದಿನಗಳಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ಸುತ್ತ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಆಗ ಹನ್ನೆರಡೂವರೆಗೇ ಹೊರಡಿ.