ಸೈಬರ್‌ನಲ್ಲಿ ಪ್ರಿಂಟ್ ತೆಗೆಸುವ ಮುಂಚೆ ಈ ಮೂರು ಕೀ ಒತ್ತಿ
ಆಧಾರ್, ಮಾರ್ಕ್ಸ್ ಕಾರ್ಡ್ ಪ್ರಿಂಟಿಗೆ ಅಂತ ಸೈಬರ್‌ನವರ ನಂಬರಿಗೆ ವಾಟ್ಸಾಪ್ ಮಾಡಬೇಡಿ, ಫೈಲ್ ಅವರ ಹತ್ತಿರವೇ ಉಳಿದುಬಿಡುತ್ತದೆ. ಕ್ರೋಮ್ ತೆರೆದು ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ. ಕಪ್ಪು ಬಣ್ಣದ ಇನ್‌ಕಾಗ್ನಿಟೋ ಕಿಟಕಿ ಬರುತ್ತದೆ. ಅದರಲ್ಲೇ ನಿಮ್ಮ ಮೇಲ್ ತೆರೆದು ಪ್ರಿಂಟ್ ಕೊಡಿ. ಕೊನೆಗೆ ಆ ಕಿಟಕಿಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಆಗಲಿ, ಹಿಸ್ಟರಿ ಆಗಲಿ ಬ್ರೌಸರಿನಲ್ಲಿ ಉಳಿಯುವುದಿಲ್ಲ. ಒಂದು ಕಿಟಕಿ ತೆರೆದೇ ಇದ್ದರೂ ಲಾಗಿನ್ ಹಾಗೇ ಇರುತ್ತದೆ, ನೋಡಿಕೊಳ್ಳಿ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ತಾನಾಗಿ ಹೋಗಲ್ಲ. ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ಶಿಫ್ಟ್ ಜೊತೆ ಡಿಲೀಟ್ ಒತ್ತಿ. ಸುಮ್ನೆ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಆಧಾರ್ ಆದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ತೆಗೆಸಿ, ಎಷ್ಟೋ ಕಡೆ ಅದೇ ಸಾಕು. ವಾಟ್ಸಾಪ್ ವೆಬ್ ಬಳಸಿದ್ದರೆ ಅಂಗಡಿ ಬಿಡುವ ಮೊದಲು ನಿಮ್ಮ ಮೊಬೈಲಿನ ಲಿಂಕ್ಡ್ ಡಿವೈಸಸ್‌ನಲ್ಲಿ ಲಾಗೌಟ್ ಮಾಡಿ. ಇದು ಎಲ್ಲದಕ್ಕೂ ರಕ್ಷಣೆ ಅಲ್ಲ. ಒತ್ತಿದ ಕೀಗಳನ್ನೆಲ್ಲ ದಾಖಲಿಸುವ ಕೀಲಾಗರ್ ಆ ಕಂಪ್ಯೂಟರಿನಲ್ಲಿದ್ದರೆ ಇನ್‌ಕಾಗ್ನಿಟೋ ಏನೂ ಮಾಡಲಾರದು. ಹಾಗಾಗಿ ನೆಟ್ ಬ್ಯಾಂಕಿಂಗ್ ಅಲ್ಲಿ ಬೇಡವೇ ಬೇಡ, ಫೀಸ್ ಕಟ್ಟಬೇಕಿದ್ದರೆ ಪರದೆಯ ಕ್ಯೂಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ. ಇಷ್ಟು ಹೇಳಿದೆ ಅಂತ ಸೈಬರ್ ಬಿಡಬೇಡಿ. ಸಿಇಟಿ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಆರಿಸುವಾಗ, ಉದ್ದದ ಕಾಲೇಜು ಪಟ್ಟಿಯನ್ನು ಮೊಬೈಲಿನಲ್ಲಿ ಮೇಲೆ ಕೆಳಗೆ ಮಾಡುವುದಕ್ಕಿಂತ ದೊಡ್ಡ ಪರದೆಯಲ್ಲಿ ತುಂಬುವುದೇ ವಾಸಿ, ಅಲ್ವಾ? ಗುರುತಿನ ಚೀಟಿ ಜೊತೆಗಿರಲಿ, ಸೈಬರ್ ಕೆಫೆಗಳಿಗೆ ಇರುವ 2011ರ ನಿಯಮದ ಪ್ರಕಾರ ಸೈಬರ್‌ನವರು ಅದನ್ನು ಕೇಳಲೇಬೇಕು.